ನೂರು ಡಿಸ್ಕ್, ಅರ್ಧ ಕರೆಂಟ್: ಮೈಕ್ರೊಎಲೆಕ್ಟ್ರೋಡ್ ಅರೇಯಲ್ಲಿ ಉಳಿದರ್ಧ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಪ್ರಾಜೆಕ್ಟಿಗಾಗಿ ಗಾಜಿನ ಮೇಲೆ ಚಿನ್ನದ ಮೈಕ್ರೊಎಲೆಕ್ಟ್ರೋಡ್ ಅರೇ ಮಾಡಿದ್ದೇವೆ. 10 × 10 ಡಿಸ್ಕ್‌ಗಳಿವೆ. ಒಂದೊಂದರ ವ್ಯಾಸ 10 ಮೈಕ್ರಾನ್, ಕೇಂದ್ರದಿಂದ ಕೇಂದ್ರಕ್ಕೆ 100 ಮೈಕ್ರಾನ್ ಅಂತರ, ನೂರಕ್ಕೂ ಸೇರಿ ಒಂದೇ ಸಂಪರ್ಕ. ಮೇಲೆ 2 ಮೈಕ್ರಾನ್ ದಪ್ಪದ ಎಸ್‌ಯು-8 (ಬೆಳಕಿಗೆ ಗಟ್ಟಿಯಾಗುವ ಪಾಲಿಮರ್) ಹೊದಿಕೆ. 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 1 ಮಿಲಿಮೋಲಾರ್ ಫೆರಿಸಯನೈಡ್ ಹಾಕಿ, ಸೆಕೆಂಡಿಗೆ 10 ಮಿಲಿವೋಲ್ಟ್ ವೇಗದಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸುತ್ತ ಕರೆಂಟ್ ಅಳೆಯುವುದು) ಮಾಡಿದರೆ ಎಸ್ ಆಕಾರದ ರೇಖೆಯ ಬದಲು ಮೊಂಡಾದ ಶಿಖರ ಬರುತ್ತದೆ. ಲೆಕ್ಕದ ಪ್ರಕಾರ 147 ನ್ಯಾನೊಆಂಪಿಯರ್ ಬರಬೇಕು, ಸಿಗುವುದು ಸುಮಾರು 68. ಚಿಪ್ಪಿನಿಂದ ಚಿಪ್ಪಿಗೂ ವ್ಯತ್ಯಾಸವಿದೆ. ಅರ್ಧದಷ್ಟು ಡಿಸ್ಕ್‌ಗಳು ಸತ್ತಿವೆ ಎಂದು ತಿಳಿಯಬೇಕೆ? ತಯಾರಿಕೆಯಲ್ಲಿ ಏನು ಬದಲಿಸಬೇಕು?

ಉತ್ತರ: ನಿಮ್ಮ ಅಂಕಿಗಳನ್ನು ನೋಡಿದರೆ ಒಂದೂ ಡಿಸ್ಕ್ ಸತ್ತಿಲ್ಲದಿರುವ ಸಾಧ್ಯತೆ ಇದೆ. ಮೊದಲು ಲೆಕ್ಕವನ್ನೇ ಸರಿಮಾಡಿಕೊಳ್ಳೋಣ, ಕ್ಲೀನ್‌ರೂಮಿಗೆ ಆಮೇಲೆ ಹೋಗೋಣ.

ನೀವು ಬಳಸಿದ ಸೂತ್ರದಲ್ಲಿ ಕರೆಂಟ್ ಎಂದರೆ 4 × ಎಲೆಕ್ಟ್ರಾನ್ ಸಂಖ್ಯೆ × ಫ್ಯಾರಡೆ ಸ್ಥಿರಾಂಕ × ವಿಸರಣಾಂಕ (ಡಿಫ್ಯೂಷನ್ ಗುಣಾಂಕ) × ಸಾರತೆ (ಕಾನ್ಸಂಟ್ರೇಷನ್) × ತ್ರಿಜ್ಯ. ಫೆರಿಸಯನೈಡಿನ ವಿಸರಣಾಂಕ ಸೆಕೆಂಡಿಗೆ 7.6 × 10⁻⁶ ಚದರ ಸೆಂ.ಮೀ. ಎಂದಿಟ್ಟುಕೊಂಡರೆ ಒಂದು ಡಿಸ್ಕಿಗೆ 1.47, ನೂರಕ್ಕೆ 147 ನ್ಯಾನೊಆಂಪಿಯರ್. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಈ ಸೂತ್ರ ನಿರೋಧಕದ ಮೇಲ್ಮೈಗೆ ಸಮವಾಗಿ ಕೂತ, ಸುತ್ತ ಬೇರಾವ ಎಲೆಕ್ಟ್ರೋಡೂ ಇಲ್ಲದ ಒಂಟಿ ಡಿಸ್ಕಿಗೆ ಹೇಳಿದ್ದು. ನಿಮ್ಮ ಡಿಸ್ಕ್ 2 ಮೈಕ್ರಾನ್ ಆಳದ ಗುಳಿಯ ತಳದಲ್ಲಿದೆ. ಅಯಾನುಗಳು ಗುಳಿಯ ಬಾಯಿಗೆ ಬಂದ ಮೇಲೆ ಆ ಕೊಳವೆಯನ್ನೂ ಇಳಿಯಬೇಕು. ಇದಕ್ಕಾಗಿ ಮೇಲಿನ ಉತ್ತರವನ್ನು π × ತ್ರಿಜ್ಯ ÷ (4 × ಆಳ + π × ತ್ರಿಜ್ಯ) ಎಂಬ ಅಂಶದಿಂದ ಗುಣಿಸಬೇಕು. 5 ಮೈಕ್ರಾನ್ ತ್ರಿಜ್ಯ, 2 ಮೈಕ್ರಾನ್ ಆಳಕ್ಕೆ ಅದು 15.7 ÷ 23.7, ಅಂದರೆ 0.66. 147 ಅಲ್ಲಿಗೆ 97 ಆಯಿತು. ಕಳೆದುಹೋಯಿತೆಂದು ನೀವು ಹುಡುಕುತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯು-8 ದಪ್ಪದಲ್ಲೇ ಹೋಗಿದೆ.

ಇನ್ನು ಶಿಖರ. ಒಂದೇ ಪದರದ ನೀರನ್ನು ಅಕ್ಕಪಕ್ಕದ ಬೋರ್‌ವೆಲ್‌ಗಳು ಎಳೆದುಕೊಂಡಂತೆ, ಹತ್ತಿರದ ಡಿಸ್ಕ್‌ಗಳು ಒಂದರ ಪಾಲಿನ ದ್ರಾವಣವನ್ನು ಇನ್ನೊಂದು ಖಾಲಿ ಮಾಡುತ್ತವೆ. ಸೆಕೆಂಡಿಗೆ 10 ಮಿಲಿವೋಲ್ಟ್ ವೇಗದಲ್ಲಿ ಅಲೆಯ (ರೇಖೆಯಲ್ಲಿ ಕರೆಂಟ್ ಏರುವ ಭಾಗದ) ನಡುವಿನಿಂದ 0.2 ವೋಲ್ಟ್ ಮುಂದೆ ಹೋಗಲು 20 ಸೆಕೆಂಡ್ ಬೇಕು. ಅಷ್ಟರಲ್ಲಿ ವಿಸರಣ ಪದರ (ಅಯಾನುಗಳು ಖಾಲಿಯಾಗುತ್ತಿರುವ ದ್ರಾವಣದ ಭಾಗ) 170 ಮೈಕ್ರಾನ್ ದಾಟಿರುತ್ತದೆ. ನಿಮ್ಮ ಡಿಸ್ಕ್‌ಗಳ ನಡುವಿನ ಅರ್ಧ ಅಂತರ ಬರೀ 50. ಇಡೀ ಅರೇಯನ್ನು ಒಂದು ಸಮತಟ್ಟು ಹಾಳೆ ಎಂದು ಭಾವಿಸಿ ಅಂದಾಜು ಮಾಡಿದರೆ, ಅಷ್ಟು ಹೊತ್ತಿಗೆ ಮೇಲ್ಮೈ ಬಳಿಯ ಸಾರತೆ ಶೇ 15ರಿಂದ 20ರಷ್ಟು ಕುಸಿದಿರುತ್ತದೆ. 97 ಈಗ 80ರ ಆಸುಪಾಸಿಗೆ ಇಳಿಯಿತು, ರೇಖೆಯೂ ಬಾಗಿತು. ‘ಅಂತರ ತ್ರಿಜ್ಯದ 20 ಪಟ್ಟು ಇದ್ದರೆ ಸಾಕು’ ಎಂಬ ಹಳೆಯ ಸೂಚನೆಯನ್ನು ನೀವು ಪಾಲಿಸಿದಂತಿದೆ. ಸ್ಕ್ಯಾನ್ ವೇಗವನ್ನು ಹೇಳದ ಯಾವ ‘ಇಷ್ಟು ಪಟ್ಟು’ ನಿಯಮವನ್ನೂ ನಂಬಬೇಡಿ.

ಉಳಿದದ್ದು 80 ಮತ್ತು 68ರ ನಡುವಿನ ವ್ಯತ್ಯಾಸ, ಸುಮಾರು ಶೇ 15. ಇದಕ್ಕೂ ಸತ್ತ ಡಿಸ್ಕ್‌ಗಳೇ ಬೇಕಿಲ್ಲ. ಎಸ್‌ಯು-8 ತೂತಿನ ವ್ಯಾಸ 10ರ ಬದಲು 9 ಮೈಕ್ರಾನ್ ಆಗಿದ್ದರೆ ಸಾಕು: ಗುಳಿಯೊಳಗಿನ ಡಿಸ್ಕಿನಲ್ಲಿ ಕರೆಂಟ್ ತ್ರಿಜ್ಯಕ್ಕಿಂತ ವೇಗವಾಗಿ ಇಳಿಯುವುದರಿಂದ ಶೇ 13 ಕಡಿಮೆಯಾಗುತ್ತದೆ. ಚಿಪ್ಪಿನಿಂದ ಚಿಪ್ಪಿಗೆ ವ್ಯತ್ಯಾಸ ಬರುತ್ತಿರುವುದಕ್ಕೂ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಇವೆಲ್ಲ ಕಾಗದದ ಮೇಲಿನ ಲೆಕ್ಕ. ಒಂದೊಂದನ್ನೂ ಬೇರೆಬೇರೆಯಾಗಿ ಅಳೆದು ಖಚಿತ ಮಾಡಿಕೊಳ್ಳಬೇಕು.

ಅತಿ ಸುಲಭದ್ದು ಸ್ಕ್ಯಾನ್ ವೇಗದ ಪರೀಕ್ಷೆ. ಅದೇ ದ್ರಾವಣದಲ್ಲಿ 5, 10, 20, 50, 100, 500 ಮಿಲಿವೋಲ್ಟ್ ವೇಗಗಳಲ್ಲಿ ರೇಖೆ ತೆಗೆಯಿರಿ. 50ರಿಂದ 100ರಲ್ಲಿ ಶಿಖರ ಬಹುಪಾಲು ಚಪ್ಪಟೆಯಾಗಿ ಕರೆಂಟ್ ಶೇ 10ರಷ್ಟು ಏರಿದರೆ ಕಾರಣ ವಿಸರಣ ಪದರಗಳ ಬೆರಕೆಯೇ. ಹಾಗೆಂದು ವೇಗವನ್ನು ಏರಿಸುತ್ತಲೇ ಹೋಗುವಂತಿಲ್ಲ. ಒಂಟಿ ಡಿಸ್ಕ್ ಸ್ಥಿರಸ್ಥಿತಿಯಲ್ಲಿ (ಕರೆಂಟ್ ಕಾಲದೊಂದಿಗೆ ಬದಲಾಗದ ಸ್ಥಿತಿಯಲ್ಲಿ) ಇರಬೇಕಾದರೆ ವೇಗವು 0.0257 ವೋಲ್ಟ್ × ವಿಸರಣಾಂಕ ÷ ತ್ರಿಜ್ಯದ ವರ್ಗ ಎಂಬ ಮೌಲ್ಯಕ್ಕಿಂತ ಹತ್ತು ಪಟ್ಟಾದರೂ ಕಡಿಮೆ ಇರಬೇಕು. ನಿಮ್ಮ ಡಿಸ್ಕಿಗೆ ಅದು ಸೆಕೆಂಡಿಗೆ 0.78 ವೋಲ್ಟ್, ಆದ್ದರಿಂದ ಮೇಲಿನ ಗೆರೆ ಸುಮಾರು 80 ಮಿಲಿವೋಲ್ಟ್. 500ರಲ್ಲಿ ಮತ್ತೆ ಶಿಖರ ಕಾಣಿಸಿಕೊಳ್ಳುತ್ತದೆ, ಆದರೆ ಅದು ಬೇರೆ ಶಿಖರ: ಒಂದೊಂದು ಡಿಸ್ಕಿನ ಎದುರೂ ಸಮತಟ್ಟು ವಿಸರಣೆ ನಡೆಯುತ್ತಿರುವುದರ ಗುರುತು. ಕೆಳಗೆ ಬೆರಕೆ, ಮೇಲೆ ಇದು. ನಿಮ್ಮ ವಿನ್ಯಾಸದಲ್ಲಿ ಇವೆರಡರ ನಡುವೆ ನೆಮ್ಮದಿಯಾಗಿ ಕೆಲಸ ಮಾಡಲು ಜಾಗವೇ ಉಳಿದಿಲ್ಲ. ತಪ್ಪು ಕ್ಲೀನ್‌ರೂಮಿನದಲ್ಲ, ಮಾಸ್ಕಿನದು (ವಿನ್ಯಾಸ ಬಿಡಿಸಿದ ಫಲಕದ್ದು).

ಎರಡನೆಯದು ತೂತಿನ ಅಳತೆ. ಆಪ್ಟಿಕಲ್ ಮೈಕ್ರೋಸ್ಕೋಪಿನಲ್ಲಿ ಅರ್ಧ ಮೈಕ್ರಾನ್ ವ್ಯತ್ಯಾಸವನ್ನು ನಂಬಿಕೆಯಿಂದ ಓದಲಾಗದು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಆದರೆ ಅಳತೆಗೆ ಬಳಸಲಿರುವ ಚಿಪ್ಪನ್ನು ಅದರೊಳಗೆ ಇಡಬೇಡಿ. ಕಿರಣ ಬಿದ್ದ ಕಡೆ ಇಂಗಾಲದ ತೆಳುಪೊರೆ ಕೂರುತ್ತದೆ, ಆಮೇಲೆ ಎಲೆಕ್ಟ್ರೋಡ್ ಮಂದವಾಗುತ್ತದೆ. ಅದೇ ವೇಫರಿನ ಪಕ್ಕದ ಚಿಪ್ಪನ್ನು ಇದಕ್ಕೆಂದೇ ಬಿಟ್ಟುಕೊಡಿ. ಆಳವನ್ನು ಪ್ರೊಫೈಲೋಮೀಟರಿನಲ್ಲಿ ನೋಡಿ. ಸೂಜಿಯ ಮೊನೆ 10 ಮೈಕ್ರಾನ್ ತೂತಿನ ತಳ ಮುಟ್ಟದಿರಬಹುದಾದ್ದರಿಂದ ಸಂಪರ್ಕ ಪ್ಯಾಡಿನ ಅಂಚಿನಲ್ಲಿ ಅಳೆಯಿರಿ.

ಸತ್ತ ಡಿಸ್ಕ್ ಎಣಿಸಲು ತಾಮ್ರಕ್ಕಿಂತ ಅಗ್ಗದ ಉಪಾಯವಿಲ್ಲ. 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 10 ಮಿಲಿಮೋಲಾರ್ ತಾಮ್ರದ ಸಲ್ಫೇಟ್ ಕರಗಿಸಿ. ಬೆಳ್ಳಿ–ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡಿಗೆ ಹೋಲಿಸಿ −0.2 ವೋಲ್ಟಿನಲ್ಲಿ ಒಂದು ನಿಮಿಷ ಹಿಡಿಯಿರಿ. ಜೀವಂತ ಡಿಸ್ಕಿನ ಮೇಲೆ ಅರ್ಧ ಮೈಕ್ರಾನಿನಷ್ಟು ತಾಮ್ರ ಕೂರುತ್ತದೆ. ನೀರಿನಲ್ಲಿ ತೊಳೆದು, ಒಣಗಿಸಿ, 20 ಪಟ್ಟಿನ ಆಬ್ಜೆಕ್ಟಿವ್ ಕೆಳಗೆ ನೋಡಿದರೆ ಕೆಲಸ ಮಾಡಿದ್ದು ಕೆಂಪಗೆ, ಮಾಡದ್ದು ಹಳದಿಯಾಗಿಯೇ ಇರುತ್ತದೆ. ಅಂಚಿನಲ್ಲಿ ಮಾತ್ರ ಕೆಂಪು, ನಡುವೆ ಹಳದಿ ಕಂಡರೆ ಅಥವಾ ಅರ್ಧಚಂದ್ರದಂತೆ ಒಂದೇ ಕಡೆ ಕೂತಿದ್ದರೆ ತಳದಲ್ಲಿ ರೆಸಿಸ್ಟ್ (ಇಲ್ಲಿ ಎಸ್‌ಯು-8) ಪೊರೆ ಉಳಿದಿದೆ ಎಂದರ್ಥ. ಡಿಸ್ಕಿನ ಹೊರಗೂ, ಎಸ್‌ಯು-8 ಅಡಿಯಲ್ಲಿ ಕೆಂಪು ಹರಡಿದ್ದರೆ ಹೊದಿಕೆ ಚಿನ್ನದಿಂದ ಎದ್ದಿದೆ. ಹೊರಗಿನ ಸಾಲುಗಳಲ್ಲಿ ತಾಮ್ರ ದಪ್ಪಗೆ, ಒಳಗೆ ತೆಳ್ಳಗೆ ಕೂತಿದ್ದರೆ ಗಾಬರಿ ಬೇಡ. ಬೆರಕೆಯ ಪರಿಣಾಮವನ್ನೇ ನೀವು ಕಣ್ಣಾರೆ ನೋಡುತ್ತಿದ್ದೀರಿ. ಈ ಚಿಪ್ಪನ್ನು ಮತ್ತೆ ಅಳತೆಗೆ ಬಳಸದಿರುವುದು ಒಳ್ಳೆಯದು.

ಪೂರ್ತಿ ಸತ್ತಂತೆ ಕಾಣುವ ಡಿಸ್ಕ್‌ಗಳಲ್ಲಿ ಕೆಲವು ಬರೀ ಒಣಗಿರುತ್ತವೆ. ಗುಳಿಯಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಒಳಗೆ ಇಳಿಯುವುದಿಲ್ಲ, ಏಕೆಂದರೆ ಎಸ್‌ಯು-8 ನೀರಿಗೆ ಒಗ್ಗುವ ವಸ್ತುವಲ್ಲ. ಚಿಪ್ಪನ್ನು ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಒಣಗಲು ಬಿಡದೆ ನೀರಿಗೆ, ಅಲ್ಲಿಂದ ದ್ರಾವಣಕ್ಕೆ ಹಾಕಿ. ಅಳತೆಯಿಂದ ಅಳತೆಗೆ ಕರೆಂಟ್ ಮೆಟ್ಟಿಲಿನಂತೆ ಏರುತ್ತಿದ್ದರೆ ಇದೇ ಕಾರಣ.

ಈಗ ದ್ರಾವಣದ ವಿಷಯ. ಚಿನ್ನದ ಮೇಲೆ ಫೆರಿಸಯನೈಡ್ ಎಲ್ಲರೂ ಬಳಸುತ್ತಾರೆ, ಆದರೆ ಅಳತೆಗೋಲಾಗಿ ಅದು ನನಗೆ ಹಿಡಿಸದು. ಅದರ ಪ್ರತಿಕ್ರಿಯೆಯ ವೇಗ ಮೇಲ್ಮೈಯ ಕೊಳೆಗೆ ಸೂಕ್ಷ್ಮ. ಬೆಳಕಿನಲ್ಲಿ ನಿಧಾನವಾಗಿ ಒಡೆಯುತ್ತದೆ, ಬಿಡುಗಡೆಯಾದ ಸಯನೈಡ್ ಚಿನ್ನವನ್ನೇ ತಿನ್ನುತ್ತದೆ. ಬದಲಿಗೆ ರುಥೇನಿಯಂ ಹೆಕ್ಸಮೀನ್ ಕ್ಲೋರೈಡ್ ತೆಗೆದುಕೊಳ್ಳಿ: 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 1 ಮಿಲಿಮೋಲಾರ್. ವಿಸರಣಾಂಕ 8.4 × 10⁻⁶, ಅಲೆಯ ನಡು −0.15ರಿಂದ −0.2 ವೋಲ್ಟ್ ಆಸುಪಾಸು. ಅಲ್ಲಿ ಕರಗಿದ ಆಮ್ಲಜನಕವೂ ಕರೆಂಟ್ ಕೊಡುವುದರಿಂದ ಸಾರಜನಕವನ್ನು 15 ನಿಮಿಷ ಗುಳ್ಳೆಯಾಡಿಸಿ, ಅಳೆಯುವಾಗ ಕೊಳವೆಯನ್ನು ದ್ರಾವಣದ ಮೇಲಕ್ಕೆ ಎತ್ತಿ ಇಡಿ. ಗುಳ್ಳೆ ಕಲಕುತ್ತಿದ್ದರೆ ಸ್ಥಿರಸ್ಥಿತಿಯ ಮಾತೇ ಇಲ್ಲ. ಮಿತಿ ಕರೆಂಟಿನ ಕಾಲು ಭಾಗ ಮತ್ತು ಮುಕ್ಕಾಲು ಭಾಗ ಬರುವ ವೋಲ್ಟೇಜುಗಳ ನಡುವಿನ ಅಂತರ 25 ಡಿಗ್ರಿಯಲ್ಲಿ 56 ಮಿಲಿವೋಲ್ಟ್ ಇರಬೇಕು. 70 ದಾಟಿದರೆ ಮೇಲ್ಮೈ ಕೊಳಕಾಗಿದೆ ಅಥವಾ ರೆಫರೆನ್ಸ್ ಸರಿಯಿಲ್ಲ. ನಿಮ್ಮ ಕರೆಂಟುಗಳು ಇಷ್ಟು ಚಿಕ್ಕವಿರುವಾಗ ದ್ರಾವಣದ ರೋಧವನ್ನು ದೂರುವಂತಿಲ್ಲ. 100 ನ್ಯಾನೊಆಂಪಿಯರಿಗೆ 1 ಕಿಲೋಓಂ ಇದ್ದರೂ ನಷ್ಟ 0.1 ಮಿಲಿವೋಲ್ಟ್ ಅಷ್ಟೆ. 50 ಹರ್ಟ್ಸ್ ಗದ್ದಲ ಬಂದರೆ ಭೂಸಂಪರ್ಕವಿರುವ ಲೋಹದ ಪೆಟ್ಟಿಗೆಯೊಳಗೆ ಅಳೆಯಿರಿ, ರೆಫರೆನ್ಸಿನ ತುದಿ ಕಟ್ಟಿಕೊಂಡಿದೆಯೇ ನೋಡಿ.

ಚಿನ್ನವನ್ನು ತೊಳೆಯುವ ಹಂತವೇ ಒಳ್ಳೆಯ ಅಳತೆಯೂ ಹೌದು. 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 0ಯಿಂದ 1.5 ವೋಲ್ಟ್ ನಡುವೆ, ಸೆಕೆಂಡಿಗೆ 100 ಮಿಲಿವೋಲ್ಟ್ ವೇಗದಲ್ಲಿ ರೇಖೆ ಬದಲಾಗುವುದು ನಿಲ್ಲುವವರೆಗೆ ಸುತ್ತಿಸಿ. 10ರಿಂದ 15 ಸುತ್ತು ಸಾಕಾಗುತ್ತದೆ. ಇಲ್ಲಿ ಕ್ಲೋರೈಡ್ ಸೋರುವ ರೆಫರೆನ್ಸ್ ಹಾಕಿದರೆ ಚಿನ್ನ ಕ್ಲೋರೈಡ್ ಸಂಕೀರ್ಣವಾಗಿ ಕರಗಿಹೋಗುತ್ತದೆ. 120 ನ್ಯಾನೊಮೀಟರ್ ಪದರ ಎಷ್ಟು ಬಾರಿ ತಾಳೀತು? ಪಾದರಸ–ಪಾದರಸ ಸಲ್ಫೇಟ್ ರೆಫರೆನ್ಸ್ ಅಥವಾ ಎರಡು ಕೋಣೆಯದು ಬಳಸಿ. ಇಲ್ಲಿನ ವೋಲ್ಟೇಜುಗಳು ಬೆಳ್ಳಿ–ಬೆಳ್ಳಿ ಕ್ಲೋರೈಡಿಗೆ ಹೇಳಿದವು, ಪಾದರಸದ್ದಾದರೆ ಅದಕ್ಕೆ ಹೊಂದಿಸಿಕೊಳ್ಳಿ. ವಾಪಸ್ ಬರುವಾಗ 0.9 ವೋಲ್ಟ್ ಬಳಿಯ ಆಕ್ಸೈಡ್ ಶಿಖರದ ಚಾರ್ಜ್ ಲೆಕ್ಕ ಹಾಕಿ. ಚದರ ಸೆಂ.ಮೀ.ಗೆ 390 ಮೈಕ್ರೊಕೂಲಂಬ್ ಎಂದರೆ ನಿಮ್ಮ ನೂರು ಡಿಸ್ಕಿಗೆ, ಮೇಲ್ಮೈ ಪೂರ್ತಿ ನಯವಾಗಿದ್ದರೆ, 31 ನ್ಯಾನೊಕೂಲಂಬ್. ಚಿನ್ನದ ಒರಟುತನ ಖಚಿತವಾಗಿ ಗೊತ್ತಿಲ್ಲದೆ ಇದರಿಂದ ತ್ರಿಜ್ಯ ತೆಗೆಯಲಾಗದು, ಆದರೆ ಒಂದೇ ವೇಫರಿನ ಚಿಪ್ಪುಗಳನ್ನು ಹೋಲಿಸಬಹುದು. ಒಂದು ಚಿಪ್ಪಿನಲ್ಲಿ ಆಕ್ಸೈಡ್ ಚಾರ್ಜೂ ರುಥೇನಿಯಂ ಕರೆಂಟೂ ಒಟ್ಟಿಗೆ ಇಳಿದಿದ್ದರೆ ಡಿಸ್ಕ್‌ಗಳು ಸತ್ತಿವೆ ಅಥವಾ ಕಿರಿದಾಗಿವೆ. ಚಾರ್ಜ್ ಏರಿ ಕರೆಂಟ್ ಮಾತ್ರ ಹಾಗೇ ಇದ್ದರೆ ಆಮ್ಲ ಎಸ್‌ಯು-8 ಅಡಿಗೆ ನುಸುಳಿದೆ. ಅಲ್ಲಿನ ಚಿನ್ನ ಆಕ್ಸೈಡಿಗೆ ಸಿಗುತ್ತದೆ, ವಿಸರಣೆಗೆ ಸಿಗುವುದಿಲ್ಲ.

ಸೋರಿಕೆಯನ್ನು ಕೆಪ್ಯಾಸಿಟೆನ್ಸ್ ಇನ್ನೂ ಬೇಗ ಹೇಳುತ್ತದೆ. ಬರಿಯ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ, ಏನೂ ಪ್ರತಿಕ್ರಿಯೆಯಿಲ್ಲದ ವೋಲ್ಟೇಜಿನಲ್ಲಿ ಅಳೆಯಿರಿ. ನೂರು ಡಿಸ್ಕಿಗೆ 2ರಿಂದ 3 ನ್ಯಾನೊಫ್ಯಾರಡ್ ಸಹಜ. ದ್ರಾವಣದಲ್ಲಿ ಮುಳುಗಿದ ತಂತಿಯ ಮೇಲಿನ ಎಸ್‌ಯು-8 ಇದಕ್ಕೆ ಸೇರಿಸುವುದು ಅತ್ಯಲ್ಪ; ಚದರ ಸೆಂ.ಮೀ.ಗೆ 1.5 ನ್ಯಾನೊಫ್ಯಾರಡಿನಷ್ಟು. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಮತ್ತೆ ಅಳೆದಾಗ 20–30 ನ್ಯಾನೊಫ್ಯಾರಡ್ ಬಂದರೆ ಆ ಚಿಪ್ಪಿನಿಂದ ಬಂದ ಹಿಂದಿನ ಅಂಕಿಗಳನ್ನೂ ಬದಿಗಿಡಿ.

ತಯಾರಿಕೆಗೆ ಬಂದರೆ ಲೋಹದ ಹಂತದಲ್ಲಿ ಹೆಚ್ಚು ಬದಲಿಸುವುದಿಲ್ಲ. ಬೊರೊಸಿಲಿಕೇಟ್ ಗಾಜು ಒಳ್ಳೆಯ ಆಯ್ಕೆ. ಆಕ್ಸೈಡ್ ಹೊದಿಸಿದ ಸಿಲಿಕಾನಾದರೆ ಅನಗತ್ಯ ಕೆಪ್ಯಾಸಿಟೆನ್ಸ್, ಬೆಳಕು ಬಿದ್ದಾಗ ಹುಸಿ ಕರೆಂಟ್. ಗಾಜನ್ನು ಅಸಿಟೋನ್, ಐಸೊಪ್ರೊಪೈಲ್, ನೀರಿನಲ್ಲಿ ತೊಳೆದು 150 ಡಿಗ್ರಿಯಲ್ಲಿ 10 ನಿಮಿಷ ಒಣಗಿಸಿ. ಪಿರಾನ್ಹಾ ದ್ರಾವಣ (ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಬಳಸುವುದಾದರೆ ಅಸಿಟೋನಿನ ಹನಿಯೂ ಉಳಿದಿರಬಾರದು, ಸ್ಫೋಟವಾಗುತ್ತದೆ. ಲಿಫ್ಟ್‌ಆಫ್‌ಗೆ (ರೆಸಿಸ್ಟ್ ಕರಗಿಸಿ ಅದರ ಮೇಲಿನ ಬೇಡದ ಲೋಹ ಎಬ್ಬಿಸಲು) ಎಜಡ್ 5214ಇ ರೆಸಿಸ್ಟ್: 4000 ಆರ್‌ಪಿಎಂ, 110 ಡಿಗ್ರಿ ಒಂದು ನಿಮಿಷ, ಮಾಸ್ಕ್ ಎಕ್ಸ್‌ಪೋಷರ್, 120 ಡಿಗ್ರಿ ಎರಡು ನಿಮಿಷ, ಮಾಸ್ಕಿಲ್ಲದೆ ಚದರ ಸೆಂ.ಮೀ.ಗೆ 200 ಮಿಲಿಜೂಲಿಗಿಂತ ಹೆಚ್ಚು ಎಕ್ಸ್‌ಪೋಷರ್, ಡೆವಲಪ್. ಎರಡನೆಯ ಬೇಕ್ ಒಂದೆರಡು ಡಿಗ್ರಿ ಆಚೀಚೆಯಾದರೂ ಅಂಚಿನ ಒಳಬಾಗು ಬದಲಾಗುತ್ತದೆ, ಹಾಟ್‌ಪ್ಲೇಟಿನ ನಿಜವಾದ ತಾಪಮಾನ ಅಳೆದಿಟ್ಟುಕೊಳ್ಳಿ. ಟೈಟೇನಿಯಂ 15, ಚಿನ್ನ 120 ನ್ಯಾನೊಮೀಟರ್, ಇ-ಬೀಮ್ ಇವ್ಯಾಪರೇಟರಿನಲ್ಲಿ, ನಡುವೆ ನಿರ್ವಾತ ಮುರಿಯದೆ. ಮುರಿದರೆ ಟೈಟೇನಿಯಂ ಆಕ್ಸೈಡಾಗಿ ಚಿನ್ನ ಸುಲಿದು ಬರುತ್ತದೆ. ಸ್ಪಟರಿಂಗ್ ರೆಸಿಸ್ಟಿನ ಪಕ್ಕೆಗೂ ಲೋಹ ಹಚ್ಚುವುದರಿಂದ ಅಂಚಿನಲ್ಲಿ ಕಿವಿಗಳು ಏಳುತ್ತವೆ, 2 ಮೈಕ್ರಾನ್ ಹೊದಿಕೆಯನ್ನು ಅವು ತೂತು ಮಾಡಬಲ್ಲವು. ಕ್ರೋಮಿಯಂ ಬೇಡ. ಬಿಸಿಯಾದಾಗ ಚಿನ್ನದ ಕಣಗಳ ನಡುವಿನಿಂದ ಮೇಲೆ ಬಂದು ವೋಲ್ಟಾಮೆಟ್ರಿಯನ್ನು ಕೆಡಿಸುತ್ತದೆ.

ಗಮನ ಕೊಡಬೇಕಾದದ್ದು ಎಸ್‌ಯು-8 ಹಂತಕ್ಕೆ. ನಿಮ್ಮದು ಬಹುಶಃ 2002 ದರ್ಜೆ, 3000 ಆರ್‌ಪಿಎಂ, 95 ಡಿಗ್ರಿಯಲ್ಲಿ ಒಂದೆರಡು ನಿಮಿಷ. ಇದು ನೆಗೆಟಿವ್ ರೆಸಿಸ್ಟ್, ಡಿಸ್ಕಿನ ಜಾಗ ಮಾಸ್ಕಿನಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆಯ ಅಂಚಿನಿಂದ ಬೆಳಕು ಒಳಕ್ಕೆ ಬಾಗಿದಷ್ಟೂ ತೂತು ಕಿರಿದಾಗುತ್ತದೆ. ಮಾಸ್ಕ್ ಮತ್ತು ರೆಸಿಸ್ಟ್ ನಡುವೆ 10 ಮೈಕ್ರಾನ್ ಸಂದಿ ಇದ್ದರೆ 365 ನ್ಯಾನೊಮೀಟರ್ ಬೆಳಕಿನಲ್ಲಿ ಸುಮಾರು 3 ಮೈಕ್ರಾನ್ ಮಸುಕು ಬರುತ್ತದೆ. ಚೌಕಾಕಾರದ ಗಾಜಿನ ತುಂಡುಗಳಲ್ಲಿ ಮೂಲೆಗೆ ರೆಸಿಸ್ಟ್ ಗಡ್ಡೆ ಕಟ್ಟಿ ಈ ಸಂದಿ ಏಳುತ್ತದೆ. ಮೂಲೆಯ ಚಿಪ್ಪುಗಳೇ ಕೆಟ್ಟಿದ್ದರೆ ಕಾರಣ ಸಿಕ್ಕಿತು. ಸ್ಪಿನ್ ಆದ ಮೇಲೆ ಅಂಚನ್ನು ದ್ರಾವಕದಿಂದ ಒರೆಸಿ, ಅಥವಾ ದುಂಡು ವೇಫರ್ ಬಳಸಿ. ಡೋಸಿನ (ಬೀಳುವ ಬೆಳಕಿನ ಪ್ರಮಾಣದ) ವಿಷಯದಲ್ಲಿ ಎರಡು ಕಡೆಯಿಂದಲೂ ಎಳೆತವಿದೆ. ಈ ದಪ್ಪಕ್ಕೆ ಸಿಲಿಕಾನ್ ಮೇಲೆ ಚದರ ಸೆಂ.ಮೀ.ಗೆ 60–80 ಮಿಲಿಜೂಲ್, ಚಿನ್ನದ ಮೇಲೆ ಅದರ ಒಂದೂವರೆಯಿಂದ ಎರಡು ಪಟ್ಟು ಬೇಕು. ಕಡಿಮೆ ಕೊಟ್ಟರೆ ಹೊದಿಕೆ ಏಳುತ್ತದೆ, ಹೆಚ್ಚು ಕೊಟ್ಟರೆ ತೂತು ಮುಚ್ಚಿಕೊಳ್ಳುತ್ತದೆ. ಡೋಸ್ ಇಳಿಸಬೇಡಿ. ಅಂಟಿಕೊಳ್ಳುವಷ್ಟು ಕೊಟ್ಟು, ತೂತು ಎಷ್ಟು ಕಿರಿದಾಗುತ್ತದೆಂದು ಅಳೆದು, ಮಾಸ್ಕಿನಲ್ಲೇ ಡಿಸ್ಕನ್ನು ಅಷ್ಟು ದೊಡ್ಡದಾಗಿ ಬಿಡಿಸಿ. 95 ಡಿಗ್ರಿಯಲ್ಲಿ ಎಕ್ಸ್‌ಪೋಷರ್ ನಂತರದ ಬೇಕ್, ಒಂದು ನಿಮಿಷ ಡೆವಲಪ್. ಐಸೊಪ್ರೊಪೈಲ್ ಬಿದ್ದ ತಕ್ಷಣ ಬಿಳಿ ಪೊರೆ ಕಂಡರೆ ಡೆವಲಪ್ ಮುಗಿದಿಲ್ಲ, ಮತ್ತೆ ಡೆವಲಪರಿಗೆ ಹಾಕಿ. ಬಳಿಕ 150 ಡಿಗ್ರಿಯಲ್ಲಿ ಗಟ್ಟಿ ಬೇಕ್, ಕೊನೆಗೆ 50 ವ್ಯಾಟ್ ಆಮ್ಲಜನಕ ಪ್ಲಾಸ್ಮಾ 30ರಿಂದ 60 ಸೆಕೆಂಡ್. ತಳದ ಪೊರೆ ಹೋಗುತ್ತದೆ, ಹೊದಿಕೆ ನೀರಿಗೂ ಒಗ್ಗುತ್ತದೆ. ಆ ಗುಣ ದಿನ ಕಳೆದಂತೆ ಇಳಿಯುವುದರಿಂದ ಪ್ಲಾಸ್ಮಾವನ್ನು ಅಳತೆಗೆ ಹತ್ತಿರದಲ್ಲೇ ಇಟ್ಟುಕೊಳ್ಳಿ.

ಗುಳಿಯ ಆಳ ಇಳಿಸಬೇಕೆಂದರೆ 2000.5 ದರ್ಜೆ ಅರ್ಧ ಮೈಕ್ರಾನ್ ಕೊಡುತ್ತದೆ, ಆದರೆ ಧೂಳಿನ ಒಂದು ಕಣವೂ ಸೂಜಿತೂತು ಮಾಡುತ್ತದೆ. 500 ನ್ಯಾನೊಮೀಟರ್ ಸಿಲಿಕಾನ್ ನೈಟ್ರೈಡನ್ನು ಪ್ಲಾಸ್ಮಾ ವಿಧಾನದಲ್ಲಿ ಎರಡು ಪದರವಾಗಿ ಹಾಕುವುದು ಮೇಲು. ಆಗ ಆಳದ ಅಂಶ 0.89, 147ರಲ್ಲಿ 130 ಉಳಿಯುತ್ತದೆ. ಆ ಯಂತ್ರ 300 ಡಿಗ್ರಿಯಲ್ಲಿ ನಡೆಯುವುದರಿಂದ ಟೈಟೇನಿಯಂ ಮತ್ತು ಚಿನ್ನದ ನಡುವೆ ಪ್ಲಾಟಿನಂ ತಡೆಪದರ ಸೇರಿಸಿ. ಕಾಲೇಜಿನಲ್ಲಿ ಸೌಲಭ್ಯವಿಲ್ಲದಿದ್ದರೆ ಬೆಂಗಳೂರಿನ ಐಐಎಸ್‌ಸಿಯ ಸೆನ್ಸ್ (ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್) ಕೇಂದ್ರ ಹೊರಗಿನ ಸಂಶೋಧಕರಿಗೂ ತನ್ನ ಕ್ಲೀನ್‌ರೂಮ್ ತೆರೆದಿಟ್ಟಿದೆ.

ಹೊಸ ಮಾಸ್ಕಿನಲ್ಲಿ ಅಂತರವನ್ನು 300 ಮೈಕ್ರಾನಿಗೆ ಏರಿಸಿ. 10 × 10 ಅರೇ ಸುಮಾರು 3 ಮಿ.ಮೀ. ಚೌಕವಾಗುತ್ತದೆ, ಅಷ್ಟೆ. ಅದೇ ಅಂದಾಜಿನಲ್ಲಿ ಸಾರತೆಯ ಕುಸಿತ 10 ಮಿಲಿವೋಲ್ಟ್ ವೇಗದಲ್ಲಿ ಶೇ 3ರೊಳಗೆ, 50ರಲ್ಲಿ ಶೇ 1ರ ಹತ್ತಿರ. 10ರಿಂದ 50ರವರೆಗೆ ಕೆಲಸ ಮಾಡಲು ಜಾಗ ಸಿಕ್ಕಿತು. ಪ್ರತಿ ಚಿಪ್ಪಿಗೂ ಬೇರೆ ಸಂಪರ್ಕದ ಒಂದು ಒಂಟಿ ಡಿಸ್ಕ್ ಇಡಿ. ಅದರ ಕರೆಂಟನ್ನು ನೂರರಿಂದ ಗುಣಿಸಿ ಅರೇಗೆ ಹೋಲಿಸಿದರೆ ಬೆರಕೆಯನ್ನೂ ಸತ್ತ ಡಿಸ್ಕನ್ನೂ ಸೂತ್ರದ ಹಂಗಿಲ್ಲದೆ ನೋಡಬಹುದು. ಜೊತೆಗೆ ತೂತೇ ಇಲ್ಲದ, ಅಷ್ಟೇ ಉದ್ದದ ತಂತಿಯ ಒಂದು ಪ್ಯಾಡ್. ಹೊಸ ವೇಫರ್ ಕೈಗೆ ಬಂದಾಗ ಮೊದಲು ರುಥೇನಿಯಂ ದ್ರಾವಣಕ್ಕೆ ಇಳಿಯಬೇಕಾದದ್ದು ಈ ತೂತಿಲ್ಲದ ಪ್ಯಾಡೇ. ಅದರಲ್ಲಿ 0.1 ನ್ಯಾನೊಆಂಪಿಯರ್ ಮೀರಿದ ಅಲೆ ಕಂಡರೆ ಉಳಿದ ಚಿಪ್ಪುಗಳನ್ನು ಅಳೆಯಲು ಹೊರಡಬೇಡಿ, ಹೊದಿಕೆಯ ಹಂತಕ್ಕೆ ವಾಪಸ್ ಹೋಗಿ.